ಲೊರೆಟ್ ಚಿಕ್ಕಮ್ಮ ಮೊದಲೇ ಹಾಕಿಸಿದ ವೋಟುಗಳು

ಲೊರೆಟ್ ಥಿಬೊಡೊ ನಮ್ಮೂರಿನ ಶಾಲಾ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವಳು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲಿ ಗಲಾಟೆ ಮಾಡಿ ಬೈಸಿಕೊಂಡವರೇ, ನಾನೂ ಸೇರಿ. ಹಾಗಾಗಿ ಎಲ್ಲರಿಗೂ ಅವಳು ಚಿಕ್ಕಮ್ಮ. ಮದುವೆಯಾಗಲಿಲ್ಲ. ಇದ್ದವನು ತಮ್ಮ ಜಿಲ್ಬೇರ್. ಅವನಿಗೆ ಐವತ್ತೆಂಟಾಗಿದ್ದರೂ ಬುದ್ಧಿ ಏಳು ವರ್ಷದ ಹುಡುಗನದು. ಇವಳ ಸೊಂಟ ಕೈಕೊಟ್ಟ ಮೇಲೆ ಅವನನ್ನು ಇಗರ್ಜಿಯ ಪಕ್ಕದ ಸರ್ಕಾರಿ ಆಸರೆ ಮನೆಯಲ್ಲಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಬಿಸಿ ಪ್ಲೋಯ್ ದೋಸೆಗೆ ಬೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಹೋಗುತ್ತಿದ್ದಳು. ಅವಳು ಐದು ನಿಮಿಷ ತಡ ಮಾಡಿದರೆ ಅವನು ಅಳುತ್ತಿದ್ದ.

ಆ ವರ್ಷದ ಚುನಾವಣೆಯಲ್ಲಿ ನಮ್ಮ ಮೇಯ್ನ್ ರಾಜ್ಯವನ್ನು ಆಳುವ ಗವರ್ನರ್ ಹುದ್ದೆಗೆ ಮೂವರು ನಿಂತರು. ವಿಟ್‌ಕಂಬ್ ಎಂಬವನು ಇಂಥ ಆಸರೆ ಮನೆಗಳನ್ನೆಲ್ಲ ಮುಚ್ಚಿ, ಇರುವವರನ್ನು ದಕ್ಷಿಣದ ಒಂದೇ ದೊಡ್ಡ ಕಟ್ಟಡಕ್ಕೆ ಸಾಗಿಸುತ್ತೇನೆಂದು ವೇದಿಕೆಯ ಮೇಲೇ ಹೇಳಿದ. ಅಲ್ಲಿಗೆ ಕಾರಿನಲ್ಲಿ ಆರು ಗಂಟೆ. ಎದುರಿಗೆ ಚಿಕ್ಕಮ್ಮನ ಪಕ್ಷದ ಜಾಯ್ಸ್ ಏಮ್ಸ್. ಮೂರನೆಯವನು ಈಟನ್, ಯಾವ ಪಕ್ಷವೂ ಇಲ್ಲದ ವಕೀಲ. ಆಸರೆ ಮನೆಗಳನ್ನು ಮುಚ್ಚುವುದಿಲ್ಲ ಎಂದು ಇವರಿಬ್ಬರೂ ಹೇಳಿದ್ದರು. ನಮ್ಮಲ್ಲಿ ಗೆಲ್ಲಲು ಅರ್ಧ ವೋಟು ಬರಬೇಕೆಂದೇನಿಲ್ಲ, ಉಳಿದ ಇಬ್ಬರಿಗಿಂತ ಹೆಚ್ಚು ಬಂದರೆ ಸಾಕು.

ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಕೀಳುವುದಕ್ಕೆಂದು ಶಾಲೆಗೇ ರಜೆ ಕೊಡುವ ಊರು ನಮ್ಮದು. ಆಗ ಎಲ್ಲರೂ ಹೊಲದಲ್ಲೇ ಸಿಗುತ್ತಾರೆ. ಚಿಕ್ಕಮ್ಮ ಕುಂಟುತ್ತಲೇ ಹೊಲದಿಂದ ಹೊಲಕ್ಕೆ ಹೋದಳು. ಅಂಚೆಯಲ್ಲಿ ಮೊದಲೇ ವೋಟು ಹಾಕುವ ಅರ್ಜಿಗಳು ಅವಳ ಚೀಲದಲ್ಲಿ.

"ನವೆಂಬರ್‌ನಲ್ಲಿ ಹಿಮ ಬಿದ್ರೆ ನೀನು ಮನೆಯಿಂದ ಹೊರಗೆ ಬರಲ್ಲ, ನಂಗೊತ್ತು. ಹಾಕು ಸೈನು!"

"ಕೈಯೆಲ್ಲ ಮಣ್ಣು, ಚಿಕ್ಕಮ್ಮ," ಎಂದೆ ನಾನು.

"ನಿನ್ನ ಕೈ ಯಾವತ್ತು ಚೊಕ್ಕಟವಾಗಿತ್ತೋ?"

ಟ್ರ್ಯಾಕ್ಟರಿನ ಬಾನೆಟ್ ಮೇಲೆ ಸೈನು ಹಾಕಿದೆ. ಮತಪತ್ರ ಬಂದಾಗ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಏಮ್ಸ್ ಹೆಸರಿಗೆ ಗುರುತು ಮಾಡಿ ಅಂಚೆಗೆ ಹಾಕಿದೆ. ಹೀಗೆ ಇನ್ನೂರ ಹನ್ನೆರಡು ಜನ. ಜಿಲ್ಲೆಯಲ್ಲೇ ಇಷ್ಟನ್ನು ಯಾರೂ ಮಾಡಿರಲಿಲ್ಲ. ಅವಳಿಗೆ ಕೋಡು ಮೂಡಿತ್ತು, ಸುಳ್ಳೇಕೆ ಹೇಳಲಿ.

ಚುನಾವಣೆಗೆ ಹತ್ತು ದಿನವಿದ್ದಾಗ ಪತ್ರಿಕೆಯಲ್ಲಿ ಸಮೀಕ್ಷೆ ಬಂತು. ಏಮ್ಸ್ ಮೂರನೇ ಸ್ಥಾನಕ್ಕೆ ಕುಸಿದಿದ್ದಳು. ವಿಟ್‌ಕಂಬ್‌ನ ಬೆನ್ನಿಗೇ ಈಟನ್ ಇದ್ದ. ಇನ್ನು ಏಮ್ಸ್‌ಗೆ ಬಿದ್ದ ವೋಟೆಲ್ಲ ದಂಡ.

ಚಿಕ್ಕಮ್ಮ ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ, ಅಂಚೆಯ ವೋಟುಗಳೆಲ್ಲ ಸೇರುವ ಊರಿನ ಕಚೇರಿಗೆ ಓಡಿದಳು. ಬೀಳಬಾರದಲ್ಲ ಎಂದು ನಾನೂ ಹಿಂದೆಯೇ ಹೋದೆ. ಗುಮಾಸ್ತ ರೆನಾಲ್ಡ್ ಕೂಡ ಅವಳ ಬಸ್ಸಿನವನೇ.

"ನಮ್ಮ ಲಕೋಟೆಗಳನ್ನ ವಾಪಸ್ ಕೊಡೋ. ಎಲ್ಲರನ್ನೂ ಕರ್ಕೊಂಡು ಬರ್ತೀನಿ, ಇಲ್ಲೇ ನಿನ್ನೆದುರಿಗೇ ಹೊಸದಾಗಿ ಹಾಕ್ತಾರೆ."

"ಒಂದು ಸಲ ಬಂದದ್ದು ಬಂತು, ಚಿಕ್ಕಮ್ಮ. ಕಾನೂನು."

"ಕಾನೂನಂತೆ! ನೀನು ಚಡ್ಡಿ ಒದ್ದೆ ಮಾಡ್ಕೊಂಡಾಗ ಯಾರಿಗಾದ್ರೂ ಹೇಳಿದ್ನೇನೋ ನಾನು?"

ರೆನಾಲ್ಡ್ ನಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ವೋಟೂ ಅದರೊಳಗೇ ಇದೆ, ಚಿಕ್ಕಮ್ಮ," ಎಂದ.

ಉಳಿದದ್ದು ಒಂದೇ ದಾರಿ. ಏಮ್ಸ್ ತಾನೇ ಹಿಂದೆ ಸರಿದು, ಈಟನ್‌ಗೆ ವೋಟು ಹಾಕಿ ಎಂದು ಜನರಿಗೆ ಹೇಳಬೇಕು. ಆ ಶನಿವಾರ ಇಗರ್ಜಿಯ ಸಭಾಂಗಣದಲ್ಲಿ ಊರವರೆಲ್ಲ ಸೇರುವ ಬೀನ್ಸ್ ಊಟಕ್ಕೆ ಅವಳು ಪ್ರಚಾರಕ್ಕೆಂದು ಬಂದಳು. ಚಿಕ್ಕಮ್ಮ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಎದುರು ನಿಂತಳು.

"ಅಮ್ಮಾ, ನಮ್ಮ ವೋಟಂತೂ ಹೋಯ್ತು. ಇನ್ನೂ ಹಾಕದೋರು ಲಕ್ಷ ಜನ ಇದ್ದಾರೆ. ಅವರಿಗಾದ್ರೂ ಹೇಳಿ. ನನ್ನ ತಮ್ಮನ್ನ ಕರ್ಕೊಂಡು ಹೋಗಿಬಿಡ್ತಾರೆ."

ಏಮ್ಸ್ ಅವಳ ಭುಜ ಸವರಿದಳು. "ಲೊರೆಟ್, ನಿಮ್ಮಂಥೋರು ಇರೋವಾಗ ನಾನು ಹೆಂಗೆ ಸೋಲ್ತೀನಿ? ಈಗ ಹಿಂದೆ ಸರಿದ್ರೆ ಪಕ್ಷ ಮುಂದೆ ನಂಗೆ ಯಾವತ್ತೂ ಟಿಕೆಟ್ ಕೊಡಲ್ಲ," ಎಂದು ಪಕ್ಕದ ಮೇಜಿಗೆ ನಗುತ್ತಾ ಹೋದಳು. ಎರಡು ವರ್ಷದಲ್ಲಿ ಸೆನೆಟ್ ಸೀಟು ಖಾಲಿಯಾಗುವುದಿತ್ತು, ಅವಳ ಕಣ್ಣೆಲ್ಲ ಅದರ ಮೇಲೆ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವಿಟ್‌ಕಂಬ್ ಈಟನ್‌ಗಿಂತ ಒಂಬತ್ತು ಸಾವಿರ ವೋಟು ಹೆಚ್ಚು ಪಡೆದು ಗೆದ್ದ. ನಮ್ಮ ಇನ್ನೂರ ಹನ್ನೆರಡರಿಂದ ಏನಾಗುತ್ತಿತ್ತು ಎಂದು ನಾನು ಸಮಾಧಾನ ಹೇಳಿದೆ. "ಊರೂರಿಗೂ ನನ್ನಂಥ ಒಬ್ಬಳು ಇದ್ದಳು ಕಣೋ," ಎಂದಳು.

ಏಪ್ರಿಲಿನಲ್ಲಿ ವ್ಯಾನ್ ಬಂತು. ಜಿಲ್ಬೇರನ ಪೆಟ್ಟಿಗೆ ನಾನೇ ಹೊತ್ತೆ. ಅವನು ವ್ಯಾನಿನ ಬಾಗಿಲು ಹಿಡಿದುಕೊಂಡು ಒಳಗೆ ಹೋಗಲೊಲ್ಲ. ಅವನ ಕೈಯಿಂದಲೂ ವೋಟು ಹಾಕಿಸಿದ ದಿನ ಚಿಕ್ಕಮ್ಮ ಏನೆಂದಿದ್ದಳೋ, ಅದನ್ನೇ ಗಟ್ಟಿಯಾಗಿ ಹೇಳತೊಡಗಿದ.

"ಸರಿಯಾಗಿ ಗುರುತು ಹಾಕಿದ್ರೆ ಇಲ್ಲೇ ಇರಬಹುದು ಅಂತ ನೀನೇ ಅಂದಿದ್ದೆ ಅಕ್ಕಾ. ನಾನು ಗೆರೆ ದಾಟಲಿಲ್ಲ. ಸರಿಯಾಗೇ ಹಾಕ್ದೆ. ನೀನೇ ನೋಡ್ದೆಯಲ್ಲ?"

"ನೋಡ್ದೆ ಕಂದಾ," ಎಂದಳು ಚಿಕ್ಕಮ್ಮ, ಬಾಗಿಲಿನಿಂದ ಅವನ ಬೆರಳನ್ನು ಒಂದೊಂದಾಗಿ ಬಿಡಿಸುತ್ತಾ. "ನೀನು ಸರಿಯಾಗೇ ಹಾಕ್ದೆ."