ಸದ್ದು ಕಳಕೊಂಡ ವಿಡಿಯೋ ಗೇಮು

ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ದೊಡ್ಡಪ್ಪನ ಮಗಳು ನನ್ನ ಓರಗೆಯವಳು. ಐದನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ದೊಡ್ಡಪ್ಪ, ನಮ್ಮದು ತಮಿಳುನಾಡಿಗೆ ಸೇರಿದ ಊರು, ಮುಂದೆ ಕೆಲಸ ಸಿಗಬೇಕಾದರೆ ತಮಿಳೇ ಬೇಕು ಎಂದು ಅವಳನ್ನು ತಾಳವಾಡಿಯ ತಮಿಳು ಮೀಡಿಯಂಗೆ ಹಾಕಿದರು. ನನ್ನಪ್ಪ ನನ್ನನ್ನು ಕನ್ನಡದಲ್ಲೇ ಬಿಟ್ಟರು. ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಶಾಲೆಯ ಬೇರೆ ಬೇರೆ ಕ್ಲಾಸಿನಲ್ಲಿ ಕೂರುವಂತಾಯಿತು.

ಎಂಟನೇ ಕ್ಲಾಸಿನಲ್ಲಿದ್ದಾಗ ತಿರುಪ್ಪೂರಿನಲ್ಲಿದ್ದ ಅವಳ ಸೋದರಮಾವ ಅವಳಿಗೆ ಒಂದು ವಿಡಿಯೋ ಗೇಮು ತಂದುಕೊಟ್ಟರು. ಕೈಯಲ್ಲಿ ಹಿಡಿದು ಆಡುವ, ಬೂದುಬಣ್ಣದ ದಪ್ಪನೆಯ ಪೆಟ್ಟಿಗೆ. ಯಾರೋ ಆಡಿ ಬಿಟ್ಟ ಹಳೇ ಕಾಲದ್ದು. ಪೆನ್ಸಿಲ್ ಸೆಲ್ ಹಾಕಿದರೆ ಹಸಿರು ಪರದೆಯ ಮೇಲೆ ಇಟ್ಟಿಗೆಗಳು ಉದುರುತ್ತಿದ್ದವು, ಜತೆಗೊಂದು ಹಾಡು. ಆ ಹಾಡು ಗೋಡೆಯಾಚೆಯಿಂದ ಕೇಳಿದರೆ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನಗೂ ಮಾವ ಇದ್ದರು. ಅವರು ಹಾಸನೂರಿನಿಂದ ಬರುವಾಗ ಹಲಸಿನ ಹಣ್ಣು ತರುತ್ತಿದ್ದರು.

ಆದರೂ ಹಾಡು ಕೇಳಿದ ಕೂಡಲೇ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಅವಳು ಸೋತಾಗ ಒಂದು ಆಟ ನನಗೆ ಸಿಗುತ್ತಿತ್ತು.

ಒಂದು ದಿನ ಅವಳು ಅಳುಮುಖ ಮಾಡಿಕೊಂಡು ಬಂದಳು. "ಸವುಂಡ್ ಓಗ್ಬುಟ್ಟದ ಕಣಮ್ಮಿ."

"ಸೆಲ್ ಬದ್ಲಾಯ್ಸು."

"ಒಸಾ ಸೆಲ್ಲೇ ಆಕಿವ್ನಿ. ಸವುಂಡ್ ಚಕ್ರಾನೂ ಪೂರ್ತಿ ತಿರುಗ್ಸಿವ್ನಿ. ಆಟ ಆಯ್ತದ, ಸದ್ದೇ ಬರಕ್ಕಿಲ್ಲ."

ಪಾಪ ಎಂದೆ. ಒಳಗೆ ಹಾಯೆನಿಸಿತ್ತು. ದೊಡ್ಡಪ್ಪ ಅದನ್ನು ಅಂಗೈಗೆ ಬಡಿದು ನೋಡಿದರು, ಒಣಗಲು ಹರವಿದ್ದ ಅರಿಶಿನದ ಪಕ್ಕದಲ್ಲೇ ಬಿಸಿಲಿಗಿಟ್ಟರು. ತಾಳವಾಡಿಯ ರೇಡಿಯೋ ಅಂಗಡಿಯವನು ಸ್ಪೀಕರ್ ಸತ್ತಿದೆ, ಅದು ಇಲ್ಲಿ ಸಿಗುವುದಿಲ್ಲ ಅಂದ.

ಆ ವಾರವೇ ದೊಡ್ಡಗಾಜನೂರಿನ ಹುಡುಗಿಯೊಬ್ಬಳು ಬಂದಳು. ಅವಳು ದೊಡ್ಡಪ್ಪನ ಮಗಳ ತಮಿಳು ಕ್ಲಾಸಿನ ಗೆಳತಿ. ತನ್ನ ಅಣ್ಣನ ಇಯರ್‌ಫೋನ್ ತಂದು ಗೇಮಿಗೆ ಚುಚ್ಚಿದಳು. ಹಾಡು ಬಂತು! ಆದರೆ ಬಂದದ್ದು ಅವರಿಬ್ಬರಿಗೆ ಮಾತ್ರ, ಒಂದೊಂದು ಕಿವಿಗೆ ಒಂದೊಂದು ವೈರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ದೊಡ್ಡಪ್ಪನ ಜಗಲಿಯಲ್ಲಿ ಕೂತು ತಮಿಳಲ್ಲಿ ಏನೋ ಹೇಳಿಕೊಂಡು ನಕ್ಕರು. ನನಗೂ ತಮಿಳು ಗೊತ್ತಿತ್ತು, ಆ ನಗು ಮಾತ್ರ ಅರ್ಥವಾಗಲಿಲ್ಲ.

"ನಂಗೂ ಒಸಿ ಕೇಳುಸ್ರಿ" ಎಂದೆ.

"ಇರೋದೇ ಎರಡು ಕಣಮ್ಮಿ" ಅಂದಳು ದೊಡ್ಡಪ್ಪನ ಮಗಳು, ತಲೆ ಎತ್ತದೆ.

ಎದ್ದು ಮನೆಗೆ ಬಂದೆ. ಗೇಮಿನ ಮೇಲಿದ್ದ ಹೊಟ್ಟೆಕಿಚ್ಚು ಏನೂ ಅಲ್ಲ ಅನ್ನಿಸುವಷ್ಟು ಉರಿ ಆ ವೈರಿನ ಮೇಲೆ ಹುಟ್ಟಿತು. ಅದು ಅಲ್ಲಿಂದ ತೊಲಗಬೇಕಾದರೆ ಗೇಮಿನ ಬಾಯಿ ಬಿಡಿಸಬೇಕು. ಯೋಚಿಸುತ್ತಾ ಕೂತೆ. ಕಿವಿಗೆ ಹಾಡು ಬರುತ್ತಿದೆಯೆಂದರೆ ಒಳಗೆ ಸದ್ದು ಇದೆ. ಅಪ್ಪನ ಟೇಪ್‌ರೆಕಾರ್ಡರಿಗೆ ಇಯರ್‌ಫೋನ್ ಚುಚ್ಚಿದರೆ ಸ್ಪೀಕರ್ ತಾನಾಗಿ ನಿಲ್ಲುತ್ತಿತ್ತು. ಹಾಗಾದರೆ ಈ ಗೇಮು, ವೈರು ಇಲ್ಲದಾಗಲೂ ಚುಚ್ಚಿಯೇ ಇದೆ ಎಂದುಕೊಂಡಿರಬೇಕು.

ಮರುದಿನ ದೊಡ್ಡಪ್ಪನ ಮಗಳಿಂದ ಗೇಮನ್ನೂ, ಆ ಗೆಳತಿ ಬಿಟ್ಟುಹೋಗಿದ್ದ ಇಯರ್‌ಫೋನನ್ನೂ ಕೇಳಿ ಪಡೆದೆ. ಇಯರ್‌ಫೋನ್ ಚುಚ್ಚುವ ತೂತಿನಲ್ಲಿ ಧೂಳು ಮೆತ್ತಿಕೊಂಡಿತ್ತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಅಪ್ಪ ಗಾಯಕ್ಕೆಂದು ಇಟ್ಟಿದ್ದ ಸ್ಪಿರಿಟ್ ತಾಗಿಸಿ ಒರೆಸಿದೆ. ಆರಲು ಬಿಟ್ಟು, ಇಯರ್‌ಫೋನನ್ನು ಚುಚ್ಚಿ ಎಳೆದೆ, ಮತ್ತೆ ಚುಚ್ಚಿ ಎಳೆದೆ. ಸ್ವಿಚ್ ಹಾಕಿದಾಗ ಮೊದಲು ಕರಕರ ಎಂದಿತು. ಇನ್ನೊಂದು ಸಲ ಎಳೆದಾಗ ಹಾಡು ಜಗಲಿಯ ತುಂಬ ಹರಿಯಿತು.

ದೊಡ್ಡಪ್ಪನ ಮಗಳು ನನ್ನನ್ನು ಅಪ್ಪಿಕೊಂಡಳು. ಅಪ್ಪಿಕೊಂಡೇ "ಬಾನುವಾರ ಅವ್ಳು ಬರ್ಲಿ, ತೋರುಸ್ತೀನಿ" ಅಂದಳು. ನನ್ನ ಕೈ ಸಡಿಲಾಯಿತು.

ಭಾನುವಾರ ಆ ಹುಡುಗಿ ಬಂದಳು. ವೈರಿಲ್ಲದೆಯೂ ಇಬ್ಬರೂ ಅಂಟಿಕೊಂಡೇ ಕೂತರು. ನಾನು ಕಂಬಕ್ಕೊರಗಿ ಉರಿಯುತ್ತಾ ನಿಂತಿದ್ದೆ. ಆ ಹುಡುಗಿ ತಿರುಗಿ ಕೇಳಿದಳು, "ನೀನೇ ರೆಡಿ ಮಾಡ್ದಾ? ಎಂಗಮ್ಮಿ? ನಮ್ಮನೆ ಟೇಪೂ ಇಂಗೇ ಮೂಕಾಗದ."

ಪಕ್ಕ ಕೂತು ತೂತು ತೋರಿಸಿದೆ, ಅಪ್ಪನ ಟೇಪಿನ ವಿಷಯ ಹೇಳಿದೆ. ಅವಳು ಸರಿಯಾಗಿ ನೋಡಲು ತಲೆಯನ್ನು ನನ್ನ ತಲೆಗೆ ತಾಗಿಸಿದಳು. ಒಂದೊಂದಾಗಿ ಕೇಳುತ್ತಲೇ ಹೋದಳು, ನಾನು ಹೇಳುತ್ತಲೇ ಹೋದೆ.

"ಸಾಕು, ನನ್ ಗೇಮ್ ಕೊಡ್ರಿ ಇತ್ತಾಗ" ಎಂದಳು ದೊಡ್ಡಪ್ಪನ ಮಗಳು. ಅವಳ ಮುಖ ನೋಡಿದೆ. ಅಲ್ಲಿದ್ದುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೇಮು ಕೊಟ್ಟುಬಿಟ್ಟೆ. ದೊಡ್ಡಗಾಜನೂರಿನವಳ ಪಕ್ಕದಿಂದ ಮಾತ್ರ ಏಳಲಿಲ್ಲ.