ಗುಳ್ಳೆ ಏಳುವ ತನಕ

ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಮ್ಮ ಅತ್ತೆಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಅದು ಅವರ ಸಂಶಯದ ಕಣ್ಣು. ದರ್ಜಿ ಬಟ್ಟೆ ಅಳೆಯುವಾಗ, ಅಂಗಡಿಯವನು ಬೇಳೆ ತೂಗುವಾಗ, ನೆಂಟರು ಸುಮ್ಮಸುಮ್ಮನೆ ಹೊಗಳುವಾಗಲೂ ಹಾಗೇ ಸಣ್ಣಗಾಗುತ್ತಿತ್ತು. "ಮಂದಿ ಭಾಳ ಛಲೋ ಅದಾರವ್ವ, ಅದಕ್ಕೇ ನನಗ ಅನುಮಾನ" ಎನ್ನುತ್ತಿದ್ದರು. ಶಹಾಬಾದಿನ ಆ ಮನೆಗೆ ಸೊಸೆಯಾಗಿ ಬಂದ ಸ್ವಲ್ಪ ದಿನದಲ್ಲೇ ಈ ಚಟ ನನಗೂ ಹತ್ತಿತು.

ಚಿಮ್ಮನಚೋಡದ ನನ್ನ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಹೆರಿಗೆಗೂ ಶಹಾಬಾದಿನಲ್ಲೇ ಉಳಿದೆ. ಬಸುರಿಯಿದ್ದಾಗ ಅತ್ತೆ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು, ಹಳೆಯ ಸೀರೆ ಹರಿದು ಕೂಸಿಗೆ ಕೌದಿ ಹೊಲಿದರು. ಹೆಣ್ಣು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನ ಅವರು ಆರತಿ ತಟ್ಟೆಯನ್ನು ನಾದಿನಿಯ ಕೈಗೆ ಕೊಟ್ಟು ದೂರ ಸರಿದರು. ಕೂಸನ್ನು ಎತ್ತಿಕೊಳ್ಳಲಿಲ್ಲ. ಹಾಸಿಗೆಯನ್ನು ಪಡಸಾಲೆಗೆ ಹಾಕಿಕೊಂಡರು. ಹೆಣ್ಣೆಂದು ಮುನಿಸೇ? ಕೇಳಲು ನನಗೆ ಬಾಯಿ ಬರಲಿಲ್ಲ, ಆದರೆ ಮನಸ್ಸು ಸುಮ್ಮನಿರಬೇಕಲ್ಲ.

ಅತ್ತೆ ಬಾಗಿಲಲ್ಲಿ ನಿಂತು, ಬಾಯಿಗೆ ಸೆರಗು ಹಿಡಿದು, ದಿನಾ ಕೇಳುತ್ತಿದ್ದುದು ಒಂದೇ ಮಾತು. ಹುಟ್ಟಿದಾಗ ಎಡತೋಳಿಗೆ ಹಾಕಿದ್ದ, ಕ್ಷಯ ಬಾರದಂತೆ ಕಾಯುವ ಬಿ.ಸಿ.ಜಿ. ಲಸಿಕೆಯ ಮಾತು.

"ತೋಳಿಗಿ ಗುಳ್ಳಿ ಎದ್ದದೇನವ್ವ?"

"ಇಲ್ಲರಿ ಅತ್ತಿ."

"ನೀರು ಚುಚ್ಚಿ ಕಳಸ್ಯಾರೇನೋ!"

ಕೂಸಿನ ಮೈ ರೋಗ ಎದುರಿಸುವುದನ್ನು ಕಲಿಯುವಾಗ ಕೆಲವು ವಾರಗಳಲ್ಲಿ ಅಲ್ಲಿ ಗುಳ್ಳೆ ಏಳುತ್ತದೆ, ಕೆಲವರಿಗೆ ಏಳದಿದ್ದರೂ ಚಿಂತೆಯಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಕೊನೆಯ ಮಾತನ್ನು ಅತ್ತೆ ನಂಬಲಿಲ್ಲ. ತೊಟ್ಟಿಲ ಕಾರ್ಯವನ್ನೂ ಮುಂದಕ್ಕೆ ಹಾಕಿದರು. "ಗುಳ್ಳಿ ಏಳಲಿ, ಆಮ್ಯಾಲ ಮಂದೀನ ಕರಿಯೋಣು." ಹೆಣ್ಣಿಗೆ ಸಂಭ್ರಮ ಯಾಕೆಂದು ನೆವ ಹುಡುಕುತ್ತಿದ್ದಾರೆ ಎಂದುಕೊಂಡೆ.

ಕಡೆಗೂ ಗುಳ್ಳೆ ಎದ್ದಿತು, ಕೀವೂ ತುಂಬಿತು. ನಾದಿನಿ ಅರಿಷಿಣ ಹಚ್ಚಲು ಬಂದಾಗ ಅತ್ತೆ ಬಾಗಿಲಿನಿಂದಲೇ ಗದರಿದರು: "ಮುಟ್ಟಬ್ಯಾಡ! ಅದರ ಕೆಲಸ ಅದು ಮಾಡ್ಲಿಕತ್ತದ." ಅವರ ಮುಖದಲ್ಲಿ ಹಬ್ಬ. ಆದರೂ ಒಳಗೆ ಬರಲಿಲ್ಲ. ನನ್ನ ಸಂಶಯ ಇನ್ನಷ್ಟು ಬಲಿಯಿತು.

ತೊಟ್ಟಿಲಿನ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಕೂಸನ್ನು ತೊಟ್ಟಿಲಿಗೆ ಹಾಕಲು ಅಜ್ಜಿಯನ್ನು ಕರೆದರೆ ಅತ್ತೆ ಕಂಬ ಬಿಟ್ಟು ಅಲ್ಲಾಡಲಿಲ್ಲ. "ನೀವೇ ಹಾಕ್ರಿ" ಎಂದರು. ಭಂಕೂರಿನಿಂದ ಬಂದಿದ್ದ ಅವರ ತಂಗಿ ನಗುನಗುತ್ತಲೇ ಚುಚ್ಚಿದರು: "ಹೆಣ್ಣು ಹುಟ್ಟ್ಯಾದಂತ ನಮ್ಮಕ್ಕಗ ಮನಸಿಲ್ಲ. ಬ್ಯಾಡಾದ ಕೂಸು, ಪಾಪ!"

ನನ್ನ ಕಣ್ಣು ತುಂಬಿತು. ಅತ್ತೆ ನನ್ನನ್ನು ನೋಡಿದರು, ತೊಟ್ಟಿಲನ್ನು ನೋಡಿದರು.

"ಹಂಗ ಅನಬ್ಯಾಡ" ಎಂದರು. "ನನಗ ಟಿ.ಬಿ. ಅದ. ಕೂಸು ಹುಟ್ಟೋ ಹೊತ್ತಿಗೇ ದವಾಖಾನ್ಯಾಗ ಕಫ ನೋಡಿ ಹೇಳ್ಯಾರ. ಗುಳಿಗಿ ನುಂಗ್ಲಿಕತ್ತೀನಿ. ಅದಕ್ಕ ಮುಟ್ಟಿಲ್ಲ. ಹೆಣ್ಣಂತ ಅಲ್ಲವ್ವ, ಹೆಣ್ಣಂತ ಅಲ್ಲ."

ಹೆಂಗಸರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಊಟಕ್ಕೆ ಕುಳಿತವರು ಕಡಿಮೆ. ನಾದಿನಿಗೆ ಗಂಡು ನೋಡುತ್ತಿದ್ದ ಕಾಲ ಅದು, ಅದಕ್ಕೇ ಅತ್ತೆ ರೋಗದ ಸುದ್ದಿಯನ್ನು ಸ್ವಂತ ಮಗನಿಂದಲೂ ಮುಚ್ಚಿಟ್ಟಿದ್ದರು. ಅವರು ಹೆದರಿದಂತೆಯೇ ಸೇಡಂ ಕಡೆಯ ಒಂದು ಸಂಬಂಧ ತಪ್ಪಿತು. ನಾದಿನಿ ತಾಯಿಯ ಮೇಲೆ ಸಿಟ್ಟಾಗಲಿಲ್ಲ. ಮುಂದೆ ಚಿತ್ತಾಪುರಕ್ಕೆ ಮದುವೆಯಾಗಿ ಹೋದಳು.

ಮರುದಿನವೇ ಕೂಸನ್ನು ಡಾಕ್ಟರಿಗೆ ತೋರಿಸಿದೆವು. ರೋಗ ಇರಲಿಲ್ಲ, ಮುನ್ನೆಚ್ಚರಿಕೆಗೆಂದು ಔಷಧ ಕೊಟ್ಟರು. ಗುಳಿಗೆ ಸರಿಯಾಗಿ ನುಂಗುತ್ತಿರುವುದರಿಂದ ಅಜ್ಜಿ ಇನ್ನು ಎತ್ತಿಕೊಳ್ಳಬಹುದು ಎಂದೂ ಹೇಳಿದರು. ಅತ್ತೆ ಡಾಕ್ಟರನ್ನೂ ನಂಬಲಿಲ್ಲ, ಗುಳಿಗೆಯನ್ನೂ ನಂಬಲಿಲ್ಲ. ಎಲ್ಲ ಗುಳಿಗೆ ಮುಗಿದು, ಕಫದಲ್ಲಿ ಏನೂ ಇಲ್ಲವೆಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಚಾಚಿದ್ದು. ಸೆರಗು ಸರಿದ ಆ ಮುಖವನ್ನು ಅಂದು ಮೊದಲ ಸಲ ಹತ್ತಿರದಿಂದ ಕಂಡು ಕೂಸು ಕಿರುಚಿ ಅತ್ತಿತು. ಅತ್ತೆಯೂ ಅತ್ತರು. ಆದರೆ ಕೆಳಗಿಳಿಸಲಿಲ್ಲ.

ಕಳೆದ ವರ್ಷ ಅವರು ಎದೆನೋವು ಬಂದು ತೀರಿಕೊಂಡರು. ಮಗಳು ಅಜ್ಜಿಯ ಕಥೆ ಹೇಳೆಂದು ಪೀಡಿಸುತ್ತಾಳೆ. ನಿನ್ನನ್ನು ಯಾರೂ ಬೇಡದವಳು ಅನ್ನಬಾರದೆಂದು ನಿನ್ನ ಅಜ್ಜಿ ಮನೆಯ ಮಾನವನ್ನೇ ಓಣಿಯ ಮುಂದೆ ಪಣಕ್ಕಿಟ್ಟಳು ಎಂದು ನಾನು ಅಲ್ಲಿಂದಲೇ ಶುರುಮಾಡುತ್ತೇನೆ.