ಹೂವಿನ ಬೆನ್ನು ನೋಡುವ ಲಿಂಗಮ್ಮ

ಬೆಳಗಿನ ಆರೂಮುಕ್ಕಾಲು. ಪ್ಲೆಸೆಂಟನ್‌ನ ಆಫೀಸು ಕಟ್ಟಡಗಳು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ, ಮಂಜಿನ ನಡುವೆ, ಲಿಂಗಮ್ಮ ಒಂದು ಹಲಗೆಯ ಮೇಲೆ ಮಂಡಿಯೂರಿದ್ದಾರೆ. ಒದ್ದೆ ನೆಲಕ್ಕೆ ನೇರ ಕಾಲಿಟ್ಟರೆ ಗಿಡ ಸಾಯುತ್ತದೆ, ಅದಕ್ಕೇ ಹಲಗೆ. ಎದುರಿಗೆ ಒಂದಡಿ ಚೌಕದ ಮರದ ಚೌಕಟ್ಟು, ಅದರೊಳಗೆ ಅಂಗಿಗುಂಡಿಯಷ್ಟಗಲದ ಹಳದಿ ಹೂಗಳು. ಒಂದೊಂದನ್ನೂ ಕೀಳದೆ, ಎರಡೇ ಬೆರಳಲ್ಲಿ ಬಾಗಿಸಿ ಅದರ ಬೆನ್ನು ನೋಡುತ್ತಾರೆ, ಮುನಿಸಿಕೊಂಡ ಮಗುವಿನ ಗದ್ದ ಎತ್ತಿದ ಹಾಗೆ.

"ಲಾಭ" ಎನ್ನುತ್ತಾರೆ ಮೊದಲನೆಯದಕ್ಕೆ. ರಾಗಿ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವುದು ಅವರೂರಿನ ಪದ್ಧತಿ. "ಎರಡು. ಮೂರು. ಇದಲ್ಲ, ಇದು ಕರೀದೆ ಬಂದಿರೋ ನೆಂಟ."

"ಸೋ, ತ್ರೀ, ಆಂಟಿ?" ಪಟ್ಟಿ ಹಿಡಿದ ಇಂಚರಾ ಕೇಳುತ್ತಾರೆ. ಸರಟೋಗಾದಲ್ಲಿ ಹುಟ್ಟಿ ಬೆಳೆದ, ಬೆಂಗಳೂರು ಮೂಲದ ಮನೆಯ ಸಸ್ಯತಜ್ಞೆ ಆಕೆ.

"ಮೂರು ಅನ್ನವ್ವ. ಬಾಯೇನ್ ನೋಯಾಕಿಲ್ಲ."

"ಮೂರು" ಎಂದು ಇಂಚರಾ ನಕ್ಕು ಬರೆದುಕೊಳ್ಳುತ್ತಾರೆ.

ದಿನಕ್ಕೆ ಇಂಥ ಅರವತ್ತು ಚೌಕ. ಹೂವಿನ ಕಾಲ ಹೆಚ್ಚೆಂದರೆ ಐದು ವಾರ. ಚಳಿಗಾಲದ ಮಳೆಗೆ ಮೊಣಕಾಲುದ್ದ ನೀರು ನಿಂತು, ವಸಂತದಲ್ಲಿ ಆರುವ ಹೊಂಡ ಇದು. ನೀರು ಇಂಗುತ್ತ ಹೋದಂತೆ ಅಂಚಿನಿಂದ ಒಳಕ್ಕೆ ಹೂ ಅರಳುತ್ತ ಬರುತ್ತದೆ. ಹಳದಿ ಹೂವೇನೋ ಕಣ್ಣು ಹಾಯಿಸಿದಷ್ಟು ದೂರಕ್ಕೂ ಇದೆ. ಆದರೆ ಅದರೊಳಗೆ ಬೆರೆತಿರುವ ಇನ್ನೊಂದು, ಸೇವಂತಿಗೆ-ಸೂರ್ಯಕಾಂತಿಗಳ ಬಳಗದ್ದೇ ಆದ ಕಾಂಟ್ರಾ ಕೋಸ್ಟಾ ಗೋಲ್ಡ್‌ಫೀಲ್ಡ್ಸ್ ಎಂಬುದು, ಈಗ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಉಳಿದಿದೆ. ಮೇಲಿಂದ ನೋಡಿದರೆ ಎರಡೂ ಅವಳಿಜವಳಿ. ಬೆನ್ನು ತಿರುವಿದರೆ ಗುಟ್ಟು ಗೊತ್ತಾಗುತ್ತದೆ: ಸಾಮಾನ್ಯದ್ದಕ್ಕೆ ಹೂವಿನಡಿಯ ಹಸಿರು ಎಸಳು ಬಿಡಿಬಿಡಿ, ಅಪರೂಪದ್ದಕ್ಕೆ ಬುಡದಲ್ಲಿ ಬೆಸೆದು ಪುಟ್ಟ ಬಟ್ಟಲು. ಹೊಂಡ ಸರಿಯಾಗಿ ಎಲ್ಲಿದೆ ಎಂದು ಬರೆಯುವಂತಿಲ್ಲ. ಅಕ್ಕರೆಯಿಂದ ನೋಡಲು ಬರುವವರ ಬೂಟೇ ಸಾಕು, ಅದು ಹಾಳಾಗಲು.

ಲಿಂಗಮ್ಮನಿಗೆ ಐವತ್ತಾರು. ಮಂಡ್ಯದ ಕಡೆಯವರು. ಓದಿದ್ದು ಏಳನೇ ಕ್ಲಾಸು. ಇಲ್ಲಿಗೆ ಬಂದ ಮೇಲೆ ಹನ್ನೊಂದು ವರ್ಷ ಡೇಕೇರಿನಲ್ಲಿ ಮಕ್ಕಳ ಮೂಗೊರೆಸಿದವರು. ಅದು ಮುಚ್ಚಿದಾಗ, ಇಂಚರಾ ಕೆಲಸ ಮಾಡುವ ಸಂಸ್ಥೆಯ, ಹುಲ್ಲುಗಾವಲಿನಲ್ಲಿ ಮುಳ್ಳುಗಿಡ ಕೀಳುವ ತಂಡಕ್ಕೆ ಸೇರಿದರು. ಪತಿ ಮಂಜುನಾಥ ಇಂಡಿಯನ್ ಗ್ರಾಸರಿ ಅಂಗಡಿಗಳಿಗೆ ಸಾಮಾನು ತಲುಪಿಸುವ ವ್ಯಾನಿನ ಡ್ರೈವರು. "ಊರಲ್ಲಿ ಕಳೆ ಕೀಳಾಕೆ ಬೇಜಾರು ಅಂತಿದ್ದೋಳು, ಇಲ್ಲಿಗಂಟ ಬಂದು ಅದ್ನೇ ಮಾಡ್ತಾವ್ಳೆ" ಎಂದು ಅವರು ರೇಗಿಸುವುದುಂಟು.

ನಾಲ್ಕು ವರ್ಷದ ಹಿಂದಿನ ಯುಗಾದಿಯ ಹಿಂದಿನ ದಿನ. ಅಂಗಡಿಯಲ್ಲಿ ಹೂ ಮುಗಿದುಹೋಗಿತ್ತು. ಕೆಲಸ ಮುಗಿಸಿ ಹೊರಟ ಲಿಂಗಮ್ಮ ಹೊಂಡದ ಅಂಚಿನಿಂದ ಒಂದು ಮಡಿಲು ಹಳದಿ ಹೂ ಕಿತ್ತುಕೊಂಡರು. ಅಷ್ಟೊಂದಿದೆ, ಯಾರು ಕೇಳುತ್ತಾರೆ?

"ಮನೇಲಿ ಕಟ್ಟಾಕ್ ಕುಂತೆ. ವಸಿ ಹೂವ ಗಂಟು ಬಿಗಿದ್ರೆ ಬಿಚ್ಕಂಡು ಉದುರೋವು. ವಸಿ ಮಾತ್ರ ಗಟ್ಟಿಯಾಗಿ ನಿಂತ್ಕಳೋವು. ಇದೇನಪ್ಪ ಅಂತ ತಿರುವಿ ನೋಡಿದ್ರೆ, ಅಡೀಲಿ ಬಟ್ಲು. ಎರಡು ಗುಡ್ಡೆ ಮಾಡ್ದೆ. ಬಟ್ಲಿಂದು ದೇವ್ರಿಗೆ, ಮಿಕ್ಕಿದ್ದು ಹೊಸ್ಲಿಗೆ."

ಜೂನ್ ಬಂತು, ಹೊಂಡ ಒಣಗಿ ಬಿರುಕುಬಿಟ್ಟಿತು. ಒಂದು ದಿನ ಊಟದ ಹೊತ್ತಿನಲ್ಲಿ ಇಂಚರಾ ಬೇಸರದಿಂದ ಸುದ್ದಿ ಹೇಳಿದರು. ಪಕ್ಕದಲ್ಲಿ ಬರಲಿರುವ ಗೋದಾಮುಗಳಿಗೆ ರಸ್ತೆ ಬೇಕಂತೆ, ಹೊಂಡಕ್ಕೆ ಮಣ್ಣು ತುಂಬುತ್ತಾರಂತೆ. ಅಪರೂಪದ ಗಿಡ ಇಲ್ಲ ಎಂದು ಸಮೀಕ್ಷೆಯಲ್ಲಿ ಬರೆದಾಗಿದೆ. ಆ ಸಮೀಕ್ಷೆ ನಡೆದದ್ದು ಮಳೆಯೇ ಬಾರದ ವರ್ಷ. ಇದ್ದಿದ್ದರೆ ಹೀಗಿರುತ್ತಿತ್ತು ಎಂದು ಫೋನಿನಲ್ಲಿ ಚಿತ್ರ ತೋರಿಸಿದರು. ಹೂವಿನ ಬೆನ್ನು, ಅಲ್ಲಿ ಬಟ್ಟಲು.

ಲಿಂಗಮ್ಮ ಕೈಯ ತುತ್ತನ್ನು ಡಬ್ಬಿಗೇ ಇಳಿಸಿ ಮುಚ್ಚಳ ಹಾಕಿದರು. ಅನುಮತಿಯಿಲ್ಲದೆ ಅಲ್ಲಿ ಒಂದು ಎಲೆಯನ್ನೂ ಮುಟ್ಟಬಾರದೆಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದರು.

"ಬಾಯ್ ಮುಚ್ಕಂಡಿರು" ಎಂದರು ಮಂಜುನಾಥ ಆ ಸಂಜೆ. "ಹೇಳುದ್ರೆ ಕೆಲ್ಸ ಹೋಯ್ತದೆ. ಹೂವ ಮಾತಾಡಾಕಿಲ್ಲ, ನೀನೂ ಮಾತಾಡ್‌ಬ್ಯಾಡ."

"ಅದು ಮಾತಾಡಾಕಿಲ್ಲ ಅಂತ್ಲೇ ಕಣ್ರೀ" ಎಂದರು ಲಿಂಗಮ್ಮ.

ದೇವರ ಪಟಕ್ಕೆ ಹಾಕಿದ ಮಾಲೆಯನ್ನು ತಿಪ್ಪೆಗೆ ಹಾಕುವ ಜಾಯಮಾನ ಅವರದಲ್ಲ. ಒಣಗಿದ್ದು ಪಟದ ಹಿಂದೆಯೇ ಇತ್ತು. ಮರುದಿನ ಅದನ್ನು ಊಟದ ಡಬ್ಬಿಯಲ್ಲಿಟ್ಟು ಇಂಚರಾರ ಮುಂದೆ ತೆರೆದರು. ಇಂಚರಾ ಭೂತಗನ್ನಡಿ ಹಿಡಿದು ಒಂದೊಂದೇ ಹೂವಿನ ಬೆನ್ನು ನೋಡಿದರು.

"ಆಂಟಿ, ಇದು ಎಲ್ಲಿ ಸಿಕ್ತು?"

"ಸಿಗ್ಲಿಲ್ಲ ಕಣವ್ವ, ಕಿತ್ತೆ. ತೆಪ್ಪು ನಂದೆ. ನಂಗೇನಾರ ಮಾಡ್ಕಳಿ, ಹೊಂಡ ಮುಚ್ಚಿಸ್‌ಬ್ಯಾಡಿ."

ಇಂಚರಾ ಮುಚ್ಚಿಡಲಿಲ್ಲ, ಎಲ್ಲವನ್ನೂ ಇದ್ದಹಾಗೆ ಮೇಲಧಿಕಾರಿಗಳಿಗೆ ಬರೆದು ಕಳಿಸಿದರು. ಲಿಂಗಮ್ಮನಿಗೆ ಎಚ್ಚರಿಕೆಯ ಪತ್ರ ಬಂತು, ಉಳಿದ ವರ್ಷ ಹುಲ್ಲುಗಾವಲಿಗೆ ಇಳಿಯುವಂತಿಲ್ಲ ಎಂದಾಯಿತು. ಏಳು ತಿಂಗಳು ಮನೆಮನೆಗೆ ಚಪಾತಿ ಲಟ್ಟಿಸಿ ಕಳೆದರು. ಒಣಗಿದ ಹೂವೊಂದೇ ಪುರಾವೆಗೆ ಸಾಲದು, ಗಿಡ ನೆಲದಲ್ಲೇ ಕಾಣಬೇಕು ಎಂದರು ಮೇಲಿನವರು. ಮಣ್ಣಿನ ಲಾರಿ ಒಂದೇ ಒಂದು ವಸಂತ ಕಾಯಲು ಒಪ್ಪಿತು.

ಮಾರ್ಚಿನಲ್ಲಿ ಜಾಗ ತೋರಿಸಲು ಅವರನ್ನೇ ಕರೆಸಿದರು. ಮೊದಲ ದಿನ ನೂರಾರು ಹೂ ತಿರುವಿದರು, ಎಲ್ಲ ಬಿಡಿಬಿಡಿ. ಎರಡನೆಯ ದಿನವೂ ಅಷ್ಟೇ. "ನಾನೇ ಎಲ್ಲಾನೂವೆ ಕಿತ್ತು ವಂಶ ತೆಗುದ್ನಾ ಅಂತ ಅದೇ ಯೋಚ್ನೆ." ಮೂರನೆಯ ಬೆಳಿಗ್ಗೆ, ನೀರು ಇನ್ನೂ ಆರದ ತಗ್ಗಿನ ಮೂಲೆಯಲ್ಲಿ, ಒಂದು ಹೂ ಬಾಗಿಸಿದ ಕೈ ಅಲ್ಲೇ ನಿಂತಿತು. ಇಂಚರಾರ ತೋಳು ಹಿಡಿದು ಕೂರಿಸಿ, ಅವರ ಬೆರಳನ್ನು ಹೂವಿನ ಕೆಳಗಿಟ್ಟರು. ಆ ವರ್ಷ ಸಿಕ್ಕಿದ್ದು ಹನ್ನೊಂದು ಗಿಡ. ಈ ವರ್ಷ, ಇಂದಿನವರೆಗಿನ ಲೆಕ್ಕಕ್ಕೆ, ಆರುನೂರ ನಲವತ್ತು.

ಬಿಸಿಲೇರುತ್ತದೆ. ಲಿಂಗಮ್ಮ ಹಲಗೆ ಎತ್ತಿ, ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ಗೋದಾಮಿನ ರಸ್ತೆ ನೇರ ಬಂದು, ಹೊಂಡದ ಬೇಲಿಯ ಹತ್ತಿರ ಬಳಸಿಕೊಂಡು ಹೋಗುತ್ತದೆ. ಡ್ರೈವರುಗಳು ಈ ತಿರುವನ್ನು ದಿನಾ ಬೈಯುತ್ತಾರಂತೆ. ಮಂಜುನಾಥರ ವ್ಯಾನೂ ವಾರಕ್ಕೆರಡು ಸಲ ಇಲ್ಲೇ ತಿರುಗುತ್ತದೆ. ಅವರು ಬೈಯುವುದಿಲ್ಲ, ಗಾಡಿ ನಿಧಾನ ಮಾಡುತ್ತಾರೆ.

ವರದಿಯಲ್ಲಿ ಗಿಡ ಗುರುತಿಸಿದವರ ಜಾಗದಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಇಂಚರಾ ಈ ಸಲವೂ ಕೇಳಿದ್ದಾರೆ.

"ಹೆಸ್ರು ತಕ್ಕಂಡು ಏನ್ ಮಾಡ್ಲಿ" ಎನ್ನುತ್ತಾರೆ ಲಿಂಗಮ್ಮ, ರಸ್ತೆಯ ಕಡೆ ನೋಡುತ್ತ. "ಅಷ್ಟುದ್ದದ ರೋಡು ನನ್ ಮಾತ್ಗೆ ವಸಿ ಸೊಟ್ಟ ಆಗ್ಯದಲ್ಲ. ಸಾಕು."